ಅತ್ಯಾಚಾರ ಪ್ರಕರಣಗಳ ತನಿಖೆಯೂ ಪೊಲೀಸ್ ಶಿಕ್ಷಣವೂ: ಭಾತಂಬ್ರಾ–ಬೀದರ ಸೀಮೆಯ ಹಿನ್ನೆಲೆಯಲ್ಲಿ ಒಂದು ಐತಿಹಾಸಿಕ ಸಮೀಕ್ಷೆ

೧

ಭಾಲ್ಕಿ ತಾಲ್ಲೂಕಿನ ಭಾತಂಬ್ರಾ ಗ್ರಾಮವನ್ನು ಇತಿಹಾಸದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಅಲ್ಲಿನ ಹಳೆಯ ಕೋಟೆಯ ನಿಮಿತ್ತವಾಗಿ ಬಲ್ಲರು. ಕೋಟೆ, ಶಾಸನ, ರಾಜರ ವಂಶಾವಳಿ ಇವುಗಳಿಂದ ಒಂದು ಸೀಮೆಯ ಚರಿತ್ರೆಯನ್ನು ಕಟ್ಟುವುದು ನಮಗೆ ರೂಢಿಯಾಗಿದೆ. ಆದರೆ ಆ ಕೋಟೆಯ ಆಸುಪಾಸಿನಲ್ಲಿ ವಾಸವಾಗಿದ್ದ ಹೆಣ್ಣುಮಗಳೊಬ್ಬಳ ಮೇಲೆ ಬಲಾತ್ಕಾರ ನಡೆದರೆ ಅದನ್ನು ಅವಳು ಯಾರಲ್ಲಿ ಹೇಳಿಕೊಳ್ಳಬೇಕಾಗಿತ್ತು, ಕೇಳಿದವನು ಅದನ್ನು ಯಾವ ಭಾಷೆಯಲ್ಲಿ ಬರೆದುಕೊಳ್ಳುತ್ತಿದ್ದನು, ಹಾಗೆ ಬರೆದುದು ನ್ಯಾಯಸ್ಥಾನವನ್ನು ಮುಟ್ಟುವ ವೇಳೆಗೆ ಏನಾಗುತ್ತಿದ್ದಿತು ಎಂಬ ಪ್ರಶ್ನೆಗಳೂ ಚರಿತ್ರೆಯ ಪ್ರಶ್ನೆಗಳೇ. ಅವುಗಳನ್ನು ಕೇಳದೆ ಬಿಟ್ಟಿದ್ದೇವೆ ಎಂಬುದು ಮಾತ್ರ ನಿಜ.

ಪ್ರಸ್ತುತ ಲೇಖನದ ಉದ್ದೇಶ ಪರಿಮಿತವಾದುದು. ಭಾತಂಬ್ರಾ, ಭಾಲ್ಕಿ, ಔರಾದ ಮತ್ತು ಬೀದರ ನಗರಗಳನ್ನೊಳಗೊಂಡ ಈ ಗಡಿಸೀಮೆಯಲ್ಲಿ ಅಪರಾಧ ತನಿಖೆಯ ವ್ಯವಸ್ಥೆ ಹೇಗೆ ಬೆಳೆದು ಬಂದಿತು, ಅತ್ಯಾಚಾರದಂತಹ ಅಪರಾಧವನ್ನು ತನಿಖೆ ಮಾಡುವ ಅಧಿಕಾರಿಗೆ ಕಾಲಕಾಲಕ್ಕೆ ಯಾವ ಶಿಕ್ಷಣ ದೊರೆಯಿತು, ಯಾವುದು ದೊರೆಯಲಿಲ್ಲ ಎಂಬುದನ್ನು ಕಾನೂನಿನ ಇತಿಹಾಸದೊಡನೆ ಹೊಂದಿಸಿ ನೋಡುವುದೇ ಆ ಉದ್ದೇಶ. ನೊಂದವರ ಹೆಸರುಗಳನ್ನು ಇಲ್ಲಿ ಎಲ್ಲಿಯೂ ಕೊಟ್ಟಿಲ್ಲ. ೧೯೮೩ರಿಂದೀಚೆಗೆ ಕಾನೂನು ಅದನ್ನು ನಿಷೇಧಿಸಿದೆ. ಅದಕ್ಕೂ ಹಿಂದಿನ ಪ್ರಕರಣಗಳಿಗೂ ಅದೇ ಮರ್ಯಾದೆ ಸಲ್ಲಬೇಕೆಂದು ಭಾವಿಸಿದ್ದೇನೆ.

೨

ಬೀದರ ಸೀಮೆ ೧೯೪೮ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದ ಸಂಸ್ಥಾನಕ್ಕೆ ಸೇರಿದ್ದಿತು. ೧೮೫೩ರಿಂದ ೧೮೮೩ರವರೆಗೆ ದಿವಾನರಾಗಿದ್ದ ಮೊದಲನೆಯ ಸಾಲಾರ್ ಜಂಗರು ೧೮೬೫ರಲ್ಲಿ ಜಿಲಾಬಂದಿಯನ್ನು ಜಾರಿಗೆ ತಂದು ಜಿಲ್ಲಾಡಳಿತಕ್ಕೆ ಒಂದು ಕ್ರಮವನ್ನು ಒದಗಿಸಿದರು. ಜಿಲ್ಲೆಯ ಪೊಲೀಸ್ ಮೇಲಧಿಕಾರಿಗೆ ಮೊಹತಮಿಮ್ ಎಂದೂ, ಠಾಣೆಯ ಅಧಿಕಾರಿಗೆ ಅಮೀನನೆಂದೂ ಹೆಸರು. ಹಳ್ಳಿಯಲ್ಲಿ ಗೌಡಿಕೆಯು ಎರಡಾಗಿ ಒಡೆದಿದ್ದು, ಕಂದಾಯ ನೋಡುವವನು ಮಾಲಿಪಾಟೀಲನೂ, ಶಾಂತಿಪಾಲನೆ ಮತ್ತು ಅಪರಾಧದ ವರ್ತಮಾನ ನೋಡುವವನು ಪೊಲೀಸ್ ಪಾಟೀಲನೂ ಆಗಿದ್ದರು. ಇಂದಿಗೂ ನಮ್ಮ ಹಾಜರಿ ಪುಸ್ತಕಗಳಲ್ಲಿ ಈ ಎರಡು ಅಡ್ಡಹೆಸರುಗಳು ಕಾಣಸಿಗುತ್ತವೆ. ಔರಾದ ಸೀಮೆಯಲ್ಲಿ ಠಾಣಾ ಕುಶನೂರ ಎಂಬ ಊರಿದೆ. ಅಲ್ಲಿ ಊರಿನ ಹೆಸರಿಗೇ ಠಾಣಾ ಎಂಬ ಮಾತು ಅಂಟಿಕೊಂಡಿದೆ.

ಈ ವ್ಯವಸ್ಥೆಯಲ್ಲಿ ಅಪರಾಧದ ಮೊದಲ ವರ್ತಮಾನವು ಠಾಣೆಗೆ ಮುಟ್ಟುತ್ತಿದ್ದುದು ವಂಶಪಾರಂಪರ್ಯವಾಗಿ ಅಧಿಕಾರ ಪಡೆದ ಊರ ಪ್ರಮುಖನೊಬ್ಬನ ಮೂಲಕ. ಕಳವು, ಕೊಲೆ, ದರೋಡೆಗಳ ವಿಷಯದಲ್ಲಿ ಇದರಿಂದ ಅಷ್ಟಾಗಿ ಬಾಧಕವಿರಲಿಲ್ಲವೆನ್ನಬಹುದು. ಆದರೆ ಅತ್ಯಾಚಾರಕ್ಕೆ ಗುರಿಯಾದವಳು ಹೊಲೆಗೇರಿಯವಳೋ ತಾಂಡೆಯವಳೋ ಆಗಿ, ಆರೋಪಿಯು ಜಮೀನುಳ್ಳ ಮನೆತನದವನಾಗಿದ್ದಲ್ಲಿ, ವರ್ತಮಾನ ಕೊಡಬೇಕಾದವನೂ ಅದನ್ನು ಮುಚ್ಚಿಡಬಲ್ಲವನೂ ಒಬ್ಬನೇ ಆಗಿಬಿಡುವ ಸಂಭವವಿದ್ದಿತು. ಜಾಗೀರುಗಳಿದ್ದ ಗ್ರಾಮಗಳಲ್ಲಿ ಈ ತೊಡಕು ಮತ್ತೂ ಹೆಚ್ಚು. ಜಾಗೀರುಗಳು ರದ್ದಾದುದು ೧೯೪೯ರಲ್ಲಿ. ವಂಶಪಾರಂಪರ್ಯದ ಗ್ರಾಮಾಧಿಕಾರ ರದ್ದಾದುದು ೧೯೬೧ರ ಕಾಯಿದೆಯ ಮೂಲಕ, ೧೯೬೩ರಲ್ಲಿ. ಆವರೆಗೆ ಠಾಣೆಗೂ ಹೆಣ್ಣಿಗೂ ನಡುವೆ ಊರು ನಿಂತಿದ್ದಿತು.

ಎರಡನೆಯ ತೊಡಕು ಭಾಷೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪಾರಸಿಯ ಬದಲು ಉರ್ದು ಸಂಸ್ಥಾನದ ಆಡಳಿತ ಭಾಷೆಯಾಯಿತು. ಈ ಸೀಮೆಯ ಜನರಾದರೋ ಕನ್ನಡ, ಮರಾಠಿ, ದಖನಿ, ಲಂಬಾಣಿಗಳನ್ನು ಆಡುವವರು. ಹೆಣ್ಣುಮಗಳು ಕನ್ನಡದಲ್ಲಿಯೋ ಮರಾಠಿಯಲ್ಲಿಯೋ ಆಡಿದ ಮಾತು ಉರ್ದುವಿನ ಬಯಾನಾಗಿ ಕಾಗದಕ್ಕಿಳಿಯುತ್ತಿದ್ದಿತು. ಆಕೆಯ ಮಾತು ಮತ್ತು ಆಕೆಯ ಹೇಳಿಕೆ ಬೇರೆಬೇರೆಯಾದುವು. ಕಾನೂನಿನ ಉರ್ದುವಿನಲ್ಲಿ ಈ ಅಪರಾಧಕ್ಕೆ ಜಿನಾ-ಬಿಲ್-ಜಬ್ರ್ ಎಂಬ ಪದ. ಅಂದರೆ ಬಲವಂತದಿಂದ ನಡೆದ ಅನೈತಿಕ ಸಂಬಂಧ. ನಮ್ಮ ಕನ್ನಡದ ‘ಮಾನಭಂಗ’ವೂ ಇದಕ್ಕಿಂತ ಹೆಚ್ಚು ನಿರ್ದೋಷವಾದ ಪದವಲ್ಲ. ಒಂದರಲ್ಲಿ ನೀತಿ ಮುಂದಾಯಿತು, ಇನ್ನೊಂದರಲ್ಲಿ ಮಾನ ಮುಂದಾಯಿತು. ಹೆಣ್ಣಿನ ಸಮ್ಮತಿ ಎಂಬ ಮೂಲಪ್ರಶ್ನೆ ಎರಡರಲ್ಲಿಯೂ ಹಿಂದೆ ಬಿದ್ದಿತು. ಪದವು ಹೇಗೋ ತನಿಖೆಯೂ ಹಾಗೆಯೇ: ಮಾನ ಹೋಯಿತೆ ಎಂದು ಕೇಳುವ ಅಧಿಕಾರಿಯು, ಹೋಗಲು ಮಾನವಿದ್ದಿತೆ ಎಂಬುದನ್ನು ಮೊದಲು ವಿಚಾರಿಸುತ್ತಾನೆ.

೩

ಬ್ರಿಟಿಷ್ ಭಾರತದಲ್ಲಿ ಪರಿಸ್ಥಿತಿ ಉತ್ತಮವಾಗಿದ್ದಿತೆಂದು ತಿಳಿಯಬಾರದು. ೧೮೬೦ರ ಭಾರತೀಯ ದಂಡಸಂಹಿತೆಯು ೩೭೫ನೆಯ ಕಲಮಿನಲ್ಲಿ ಅಪರಾಧವನ್ನು ಸಮ್ಮತಿಯ ಆಧಾರದ ಮೇಲೆಯೇ ವಿವರಿಸಿತು. ಆದರೆ ೧೮೭೨ರ ಸಾಕ್ಷ್ಯ ಅಧಿನಿಯಮದ ೧೫೫ನೆಯ ಕಲಮಿನ ನಾಲ್ಕನೆಯ ಉಪಕಲಮು, ಫಿರ್ಯಾದಿ ಹೆಂಗಸು ಸಾಮಾನ್ಯವಾಗಿ ಅನೈತಿಕ ನಡತೆಯವಳೆಂದು ತೋರಿಸಿ ಅವಳ ಸಾಕ್ಷ್ಯವನ್ನು ಕೆಡಿಸಲು ಆರೋಪಿಗೆ ಅವಕಾಶ ಕೊಟ್ಟಿತು. ೧೮೫೬ರಲ್ಲಿ ಪ್ರಕಟವಾದ ನಾರ್ಮನ್ ಚೆವರ್ಸರ ವೈದ್ಯನ್ಯಾಯಶಾಸ್ತ್ರದ ಕೈಪಿಡಿಯಿಂದ ಮೊದಲುಗೊಂಡು ಅನೇಕ ಪಠ್ಯಗಳು, ಈ ದೇಶದಲ್ಲಿ ಸುಳ್ಳು ಫಿರ್ಯಾದಿಗಳು ಹೆಚ್ಚು ಎಂಬ ಶಂಕೆಯನ್ನು ವೈದ್ಯರಿಗೂ ಅಧಿಕಾರಿಗಳಿಗೂ ಕಲಿಸಿಕೊಟ್ಟುವು. ಮೈಮೇಲೆ ಗಾಯವಿದೆಯೆ, ಕೂಗಿಕೊಂಡಳೆ, ತಡಮಾಡದೆ ಬಂದಳೆ, ಮೊದಲೇ ‘ರೂಢಿ’ಯುಳ್ಳವಳೆ ಎಂಬ ನಾಲ್ಕು ಪ್ರಶ್ನೆಗಳೇ ತನಿಖೆಯ ನಾಲ್ಕು ಕಂಬಗಳಾದುವು. ದೇವದಾಸಿ, ಜೋಗಿಣಿ ಎಂಬ ಹೆಸರು ಹೊತ್ತ ಹೆಂಗಸರಿಗೆ ಈ ನಾಲ್ಕನೆಯ ಪ್ರಶ್ನೆಯಲ್ಲಿಯೇ ಬಾಗಿಲು ಮುಚ್ಚಿಹೋಗುತ್ತಿದ್ದಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಪೊಲೀಸ್ ಶಿಕ್ಷಣದ ಕಡೆ ಸರ್ಕಾರದ ಗಮನವು ಗಂಭೀರವಾಗಿ ಹರಿದುದು ಸರ್ ಆಂಡ್ರೂ ಫ್ರೇಜರರ ಅಧ್ಯಕ್ಷತೆಯ ೧೯೦೨–೦೩ರ ಪೊಲೀಸ್ ಆಯೋಗದಿಂದ. ಪೊಲೀಸರ ಅದಕ್ಷತೆಯನ್ನೂ ಭ್ರಷ್ಟಾಚಾರವನ್ನೂ ಮುಚ್ಚುಮರೆಯಿಲ್ಲದೆ ಹೇಳಿದ ಆ ಆಯೋಗವು ಪ್ರಾಂತ್ಯಗಳಲ್ಲಿ ತರಬೇತಿ ಶಾಲೆಗಳಿರಬೇಕೆಂದಿತು. ಆ ಬಳಿಕ ನೆಲೆಗೊಂಡ ಶಿಕ್ಷಣಕ್ರಮದಲ್ಲಿ ಕವಾಯತು, ಕಾನೂನಿನ ಕಲಮುಗಳ ಕಂಠಪಾಠ, ದಫ್ತರದ ಕ್ರಮ ಇವು ಪ್ರಧಾನವಾದುವು. ನೊಂದ ಮನುಷ್ಯನೊಡನೆ ಹೇಗೆ ಮಾತನಾಡಬೇಕು ಎಂಬುದು ಕಲಿಸಬೇಕಾದ ವಿದ್ಯೆಯೆಂಬ ಕಲ್ಪನೆಯೇ ಆ ಕಾಲಕ್ಕೆ ಹುಟ್ಟಿರಲಿಲ್ಲ.

೪

ಈ ಸೀಮೆಯ ಚರಿತ್ರೆಯಲ್ಲಿ ೧೯೪೭–೪೮ರ ಸಂಗತಿಯನ್ನು ದಾಟಿ ಹೋಗುವಂತಿಲ್ಲ. ರಜಾಕಾರರ ಹಾವಳಿಯ ಕಾಲದಲ್ಲಿ ಬೀದರ ಜಿಲ್ಲೆಯ ಹಿಂದೂ ಜನರು ಅನುಭವಿಸಿದ ಕೊಲೆ, ಸುಲಿಗೆ, ಮಾನಹಾನಿಗಳ ನೆನಪು ಇಂದಿಗೂ ಹಳ್ಳಿಗಳಲ್ಲಿ ಉಳಿದಿದೆ. ೧೯೪೮ರ ಸೆಪ್ಟೆಂಬರ್ ೧೩ರಿಂದ ೧೭ರವರೆಗಿನ ಪೊಲೀಸ್ ಕಾರ್ಯಾಚರಣೆಯ ತರುವಾಯ ಹಿಂಸೆಯು ದಿಕ್ಕು ಬದಲಿಸಿ ಮುಸಲ್ಮಾನರ ಮೇಲೆ ತಿರುಗಿತು. ಅದೇ ವರ್ಷದ ಕೊನೆಯಲ್ಲಿ ಸಂಸ್ಥಾನದಲ್ಲಿ ಸಂಚರಿಸಿದ ಪಂಡಿತ ಸುಂದರಲಾಲರ ಸಮಿತಿಯು ಉಸ್ಮಾನಾಬಾದ, ಗುಲ್ಬರ್ಗಾ, ಬೀದರ, ನಾಂದೇಡ ಈ ನಾಲ್ಕು ಜಿಲ್ಲೆಗಳು ಅತ್ಯಂತ ಹೆಚ್ಚು ನೊಂದುವೆಂದು ಹೇಳಿತು. ಇಡೀ ಸಂಸ್ಥಾನದಲ್ಲಿ ಮಡಿದವರ ಸಂಖ್ಯೆಯನ್ನು ೨೭,೦೦೦ದಿಂದ ೪೦,೦೦೦ದವರೆಗೆ ಅಂದಾಜು ಮಾಡಿತು. ಕೊಲೆಯ ಜೊತೆಗೆ ಹೆಂಗಸರ ಮೇಲಿನ ಅತ್ಯಾಚಾರವನ್ನೂ ಅಪಹರಣವನ್ನೂ ಸ್ಪಷ್ಟವಾಗಿ ನಮೂದಿಸಿತು. ಆ ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ.

ನಮ್ಮ ವಿಷಯಕ್ಕೆ ಇದರಿಂದ ಏಳುವ ಪಾಠ ಇಷ್ಟು. ಸತ್ತವರನ್ನು ಅಂದಾಜಿನಿಂದಲಾದರೂ ಎಣಿಸಬಹುದಾಗಿತ್ತು. ಬದುಕುಳಿದ ಹೆಂಗಸರ ಮೇಲೆ ನಡೆದುದನ್ನು ಎಣಿಸಲು ಯಾರ ಬಳಿಯೂ ಸಾಧನವಿರಲಿಲ್ಲ. ಯಾವ ಮತದವಳೇ ಆಗಿರಲಿ, ಅವಳು ಹೇಳಿದುದನ್ನು ಬರೆದಿಡುವ ಕೈ ಒಂದು ಠಾಣೆಯಲ್ಲಿ ಇಲ್ಲದಿದ್ದರೆ ಚರಿತ್ರಕಾರನಿಗೂ ನ್ಯಾಯಾಧೀಶನಿಗೂ ಉಳಿಯುವುದು ಒಂದೇ ಮೌನ.

೧೯೫೧ರಲ್ಲಿ ಭಾರತೀಯ ದಂಡಸಂಹಿತೆ, ದಂಡಪ್ರಕ್ರಿಯಾ ಸಂಹಿತೆ ಮತ್ತು ಸಾಕ್ಷ್ಯ ಅಧಿನಿಯಮಗಳು ಹೈದರಾಬಾದ ರಾಜ್ಯಕ್ಕೂ ಅನ್ವಯವಾದುವು. ೧೯೫೬ರ ನವೆಂಬರ್ ೧ರಂದು ಬೀದರ ಜಿಲ್ಲೆ ಒಡೆದು ಅಹ್ಮದಪುರ, ನಿಲಂಗಾ, ಉದಗೀರಗಳು ಮುಂಬಯಿ ರಾಜ್ಯಕ್ಕೂ, ನಾರಾಯಣಖೇಡ ಮೊದಲಾದ ಭಾಗಗಳು ಆಂಧ್ರಪ್ರದೇಶಕ್ಕೂ ಹೋಗಿ, ಬೀದರ, ಭಾಲ್ಕಿ, ಔರಾದಗಳು ಮೈಸೂರು ರಾಜ್ಯಕ್ಕೆ ಬಂದುವು. ಕಾನೂನು ಒಂದಾಯಿತು, ಕ್ರಮೇಣ ದಫ್ತರವೂ ಕನ್ನಡಕ್ಕೆ ತಿರುಗಿತು. ಆದರೆ ಪಂಚನಾಮೆ, ಫಿರ್ಯಾದಿ, ಚಲಾನುಗಳೆಂಬ ಪದಗಳು ಉಳಿದಂತೆಯೇ ಹಳೆಯ ಶಂಕೆಗಳೂ ಉಳಿದುವು.

೫

ತನಿಖೆಯ ಲೋಪವೆಂದರೆ ಏನು ಎಂಬುದನ್ನು ದೇಶಕ್ಕೆ ತೋರಿಸಿಕೊಟ್ಟ ಎರಡು ಪ್ರಕರಣಗಳು ನಮ್ಮ ನೆರೆಹೊರೆಯವೇ. ೧೯೭೨ರ ಮಾರ್ಚ್ ೨೬ರ ರಾತ್ರಿ ಮಹಾರಾಷ್ಟ್ರದ ಅಂದಿನ ಚಂದ್ರಪುರ ಜಿಲ್ಲೆಯ ದೇಸಾಯಿಗಂಜ ಠಾಣೆಯಲ್ಲಿ ಆದಿವಾಸಿ ಬಾಲೆಯೊಬ್ಬಳ ಮೇಲೆ ಪೊಲೀಸರೇ ಅತ್ಯಾಚಾರ ಮಾಡಿದರೆಂಬ ಆರೋಪ ಬಂದಿತು. ಸೆಷನ್ಸ್ ನ್ಯಾಯಾಲಯವು ಆರೋಪಿಗಳನ್ನು ಬಿಟ್ಟಿತು. ಉಚ್ಚ ನ್ಯಾಯಾಲಯವು ಶಿಕ್ಷಿಸಿತು. ೧೯೭೮ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮತ್ತೆ ಬಿಟ್ಟಿತು. ಮೈಮೇಲೆ ಗಾಯಗಳಿಲ್ಲದಿರುವುದೂ, ಪ್ರತಿಭಟಿಸಿದ ಗುರುತಿಲ್ಲದಿರುವುದೂ ಆ ತೀರ್ಪಿನಲ್ಲಿ ನಿರ್ಣಾಯಕವಾದುವು. ೧೯೭೯ರಲ್ಲಿ ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ ಕೇಳ್ಕರ್ ಈ ನಾಲ್ವರು ಕಾನೂನು ಅಧ್ಯಾಪಕರು ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದು, ಶರಣಾಗತಿಯು ಸಮ್ಮತಿಯಲ್ಲ ಎಂಬ ವಾದವನ್ನು ಮುಂದಿಟ್ಟರು. ವಿಶ್ವವಿದ್ಯಾಲಯದ ಅಧ್ಯಾಪಕರ ಲೇಖನಿಯಿಂದ ಕಾನೂನು ಬದಲಾವಣೆಯ ಚಳವಳಿ ಹುಟ್ಟಿದುದನ್ನು ನಾವು ಅಭಿಮಾನದಿಂದ ಸ್ಮರಿಸಬಹುದು.

ಇನ್ನೊಂದು ಪ್ರಕರಣ ೧೯೭೮ರ ಮಾರ್ಚಿನಲ್ಲಿ ಹೈದರಾಬಾದಿನ ನಲ್ಲಕುಂಟಾ ಠಾಣೆಯಲ್ಲಿ ನಡೆದುದು. ಹೆಂಗಸಿನ ಮೇಲೆ ಅತ್ಯಾಚಾರ, ಅವಳ ಗಂಡನ ಸಾವು, ನಗರದಲ್ಲಿ ಗಲಭೆ, ಗೋಲೀಬಾರು ಇವೆಲ್ಲ ಆದ ಮೇಲೆ ನ್ಯಾಯಮೂರ್ತಿ ಮುಕ್ತದರರ ಆಯೋಗವು ಪೊಲೀಸರನ್ನು ದೋಷಿಗಳೆಂದು ಕಂಡಿತು. ಮೊಕದ್ದಮೆಯು ಆಂಧ್ರದಿಂದ ಕರ್ನಾಟಕಕ್ಕೆ, ನಮ್ಮ ರಾಯಚೂರಿನ ಸೆಷನ್ಸ್ ನ್ಯಾಯಾಲಯಕ್ಕೆ ವರ್ಗವಾಗಿ, ೧೯೮೧ರಲ್ಲಿ ಆರೋಪಿಗಳೆಲ್ಲರೂ ಬಿಡುಗಡೆ ಹೊಂದಿದರು. ಆಯೋಗದ ಅಭಿಪ್ರಾಯವು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಲಾರದು. ಸಾಕ್ಷ್ಯವನ್ನು ತನಿಖೆಯೇ ಒದಗಿಸಬೇಕು. ಆ ತನಿಖೆಯು ಮೊದಲಿಗೆ ಯಾರ ಕೈಯಲ್ಲಿದೆ ಎಂಬುದರ ಮೇಲೆ ಎಲ್ಲವೂ ನಿಂತಿರುತ್ತದೆ.

ಈ ಪ್ರಕರಣಗಳಿಂದ ಎದ್ದ ಚರ್ಚೆಯ ಫಲವಾಗಿ ಕಾನೂನು ಆಯೋಗವು ೧೯೮೦ರಲ್ಲಿ ತನ್ನ ೮೪ನೆಯ ವರದಿಯನ್ನು ಕೊಟ್ಟಿತು. ೧೯೮೩ರಲ್ಲಿ ದಂಡಸಂಹಿತೆ ತಿದ್ದುಪಡಿಯಾಯಿತು. ಬಂಧನದಲ್ಲಿರುವವಳ ಮೇಲಿನ ಅತ್ಯಾಚಾರದಲ್ಲಿ ಅವಳು ಸಮ್ಮತಿಯಿರಲಿಲ್ಲವೆಂದರೆ ನ್ಯಾಯಾಲಯವು ಹಾಗೆಯೇ ಭಾವಿಸತಕ್ಕುದು ಎಂಬ ನಿಯಮ ಬಂದಿತು. ಆದರೆ ಹೇಳಿಕೆಯನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕೆಂಬ ಬಗೆಯ ಸಲಹೆಗಳು ಸಂಹಿತೆಯನ್ನು ಸೇರಲು ೨೦೦೯ರವರೆಗೂ ೨೦೧೩ರವರೆಗೂ ಕಾಯಬೇಕಾಯಿತು. ಅನೈತಿಕ ನಡತೆಯ ಪ್ರಶ್ನೆಗೆ ಅವಕಾಶ ಕೊಟ್ಟಿದ್ದ ೧೫೫ನೆಯ ಕಲಮಿನ ಭಾಗ ರದ್ದಾದುದು ೨೦೦೨ರ ತಿದ್ದುಪಡಿಯಿಂದ. ಅದು ಹುಟ್ಟಿ ೧೩೦ ವರ್ಷಗಳಾಗಿದ್ದುವು.

೬

ಅಧಿಕಾರಿಯ ಶಿಕ್ಷಣವು ಈ ಪ್ರಕರಣಗಳಲ್ಲಿ ಏಕೆ ಇಷ್ಟು ಮುಖ್ಯವೆಂಬುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಪೊಲೀಸರ ಮುಂದೆ ಕೊಟ್ಟ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ; ಅದನ್ನು ಪ್ರಾಸಿಕ್ಯೂಷನ್ ತನ್ನ ಕಡೆಯ ಸಾಕ್ಷ್ಯವಾಗಿ ಉಪಯೋಗಿಸುವಂತಿಲ್ಲ; ಆದರೆ ಸಾಕ್ಷಿಯ ಮಾತಿಗೂ ಅದಕ್ಕೂ ವಿರೋಧ ತೋರಿಸಲು ಆರೋಪಿಯ ವಕೀಲರು ಅದನ್ನು ಉಪಯೋಗಿಸಬಹುದು. ಮುಖ್ಯವಾದ ಸಂಗತಿಯೊಂದು ಹೇಳಿಕೆಯಲ್ಲಿ ಬಿಟ್ಟುಹೋಗಿದ್ದರೆ ಆ ಲೋಪವೂ ವಿರೋಧವೆಂದೇ ಗಣನೆಗೆ ಬರಬಹುದು. ಇದರ ಅರ್ಥವೇನು? ಠಾಣೆಯ ಬರಹಗಾರನು ಸಂಕೋಚದಿಂದಲೋ ಬೇಸರದಿಂದಲೋ ಆಕೆ ಹೇಳಿದ ಹತ್ತು ಮಾತುಗಳನ್ನು ಎರಡು ವಾಕ್ಯಗಳಲ್ಲಿ ಮುಗಿಸಿ, ‘ಮಾನಭಂಗ ಮಾಡಿರುತ್ತಾನೆ’ ಎಂದು ಬರೆದುಬಿಟ್ಟರೆ, ಎರಡು ವರ್ಷಗಳ ತರುವಾಯ ನ್ಯಾಯಾಲಯದಲ್ಲಿ ಆಕೆ ಆ ಹತ್ತು ಮಾತುಗಳನ್ನು ಹೇಳಿದಾಗ, ಎಂಟು ಮಾತುಗಳು ಆಮೇಲೆ ಕಟ್ಟಿದ ಕಥೆಯೆಂದು ವಾದಿಸಲು ಎಡೆಯಾಗುತ್ತದೆ. ಬರೆದವನ ಅಜ್ಞಾನಕ್ಕೆ ದಂಡ ತೆರುವವಳು ಹೇಳಿದವಳು.

ಕರ್ನಾಟಕದ ಮೂರು ಪ್ರಕರಣಗಳು ಈ ವಿಷಯದಲ್ಲಿ ದೇಶಕ್ಕೇ ಮಾರ್ಗದರ್ಶಕವಾದುವೆಂಬುದು ಗಮನಾರ್ಹ. ೨೦೦೦ದಲ್ಲಿ ಕರ್ನಾಟಕ ರಾಜ್ಯ ವಿರುದ್ಧ ಕೃಷ್ಣಪ್ಪ ಎಂಬ ಪ್ರಕರಣದಲ್ಲಿ, ಎಳೆಯ ಬಾಲಿಕೆಯ ಮೇಲಿನ ಅತ್ಯಾಚಾರಕ್ಕೆ ವಿಧಿಸಿದ್ದ ೧೦ ವರ್ಷದ ಶಿಕ್ಷೆಯನ್ನು ೪ ವರ್ಷಕ್ಕೆ ಇಳಿಸಿದುದನ್ನು ಸರ್ವೋಚ್ಚ ನ್ಯಾಯಾಲಯವು ಒಪ್ಪದೆ ಮೂಲ ಶಿಕ್ಷೆಯನ್ನು ಮತ್ತೆ ಸ್ಥಾಪಿಸಿತು. ಅದೇ ವರ್ಷ ಮಂಜಣ್ಣ ಪ್ರಕರಣದಲ್ಲಿ, ಪೊಲೀಸರ ಪತ್ರವಿಲ್ಲದೆ ಪರೀಕ್ಷೆ ಮಾಡಲಾಗದೆಂದು ಹಳ್ಳಿಗಾಡಿನ ಸರ್ಕಾರಿ ವೈದ್ಯರು ನೊಂದವರನ್ನು ಹಿಂದಕ್ಕೆ ಕಳಿಸುವ ಪದ್ಧತಿಯನ್ನು ಅದೇ ನ್ಯಾಯಾಲಯ ಖಂಡಿಸಿತು. ಆಸ್ಪತ್ರೆಗಳು ವಿರಳವಾಗಿರುವ ಕಡೆ ಇಂಥ ತಡದಿಂದ ಸಾಕ್ಷ್ಯವೇ ನಶಿಸಿಹೋಗುವುದೆಂಬ ಅದರ ಮಾತು ಭಾತಂಬ್ರಾದಂತಹ ಗ್ರಾಮಕ್ಕೆ ಎಷ್ಟು ಅನ್ವಯಿಸುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ೨೦೧೪ರ ಏಪ್ರಿಲ್ ೨೫ರಂದು ತುಮಕೂರು ಜಿಲ್ಲೆಯ ನೊಣವಿನಕೆರೆ ಠಾಣೆಯ ಶಿವಣ್ಣ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಜ್ಞಾನಸುಧಾ ಮಿಶ್ರಾ ಮತ್ತು ವಿ. ಗೋಪಾಲಗೌಡರು ತನಿಖಾಧಿಕಾರಿಗಳಿಗೆ ನೇರವಾದ ನಿರ್ದೇಶನಗಳನ್ನೇ ಕೊಟ್ಟರು. ವರ್ತಮಾನ ಬಂದೊಡನೆ ನೊಂದವಳನ್ನು ಮ್ಯಾಜಿಸ್ಟ್ರೇಟರ ಬಳಿಗೆ, ಸಾಧ್ಯವಾದಷ್ಟೂ ಮಹಿಳಾ ಮ್ಯಾಜಿಸ್ಟ್ರೇಟರ ಬಳಿಗೆ, ಹೇಳಿಕೆಗಾಗಿ ಕರೆದೊಯ್ಯಬೇಕು. ೨೪ ಗಂಟೆಗಳಿಗಿಂತ ತಡವಾದರೆ ಕಾರಣವನ್ನು ದಿನಚರಿಯಲ್ಲಿ ಬರೆಯಬೇಕು. ವೈದ್ಯಪರೀಕ್ಷೆಯನ್ನು ಕೂಡಲೆ ಮಾಡಿಸಬೇಕು. ಪೊಲೀಸ್ ಹೇಳಿಕೆಯ ದೌರ್ಬಲ್ಯವನ್ನು ಬಲ್ಲ ನ್ಯಾಯಾಲಯವು ಮೊದಲ ಬರಹವನ್ನು ಆದಷ್ಟು ಬೇಗ ಠಾಣೆಯಿಂದ ಹೊರಗೆ ತರಲು ಯತ್ನಿಸಿತೆಂದು ನಾವು ಇದನ್ನು ಅರ್ಥೈಸಬಹುದು.

೭

ಇನ್ನು ಶಿಕ್ಷಣದ ಕಡೆಗೆ ಬರೋಣ. ಸ್ವಾತಂತ್ರ್ಯಾನಂತರ ೧೯೪೮ರಲ್ಲಿ ಮೌಂಟ್ ಆಬುವಿನಲ್ಲಿ ಆರಂಭವಾದ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯು ೧೯೭೫ರಲ್ಲಿ ಹೈದರಾಬಾದಿಗೆ ಬಂದಿತು. ೧೯೭೦ರಲ್ಲಿ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಕಾರ್ಯಾಲಯವು ಸ್ಥಾಪನೆಯಾಯಿತು. ೧೯೭೦ರ ದಶಕದ ಆರಂಭದಲ್ಲಿ ಎಂ. ಎಸ್. ಗೋರೆಯವರ ಸಮಿತಿಯು ಪೊಲೀಸ್ ತರಬೇತಿಯನ್ನೇ ಪ್ರತ್ಯೇಕವಾಗಿ ಪರಿಶೀಲಿಸಿತು. ೧೯೭೭–೮೧ರ ರಾಷ್ಟ್ರೀಯ ಪೊಲೀಸ್ ಆಯೋಗವು ಮಹಿಳಾ ಪೊಲೀಸರ ವಿಷಯವನ್ನೂ ಚರ್ಚಿಸಿತು. ೧೯೭೩ರಲ್ಲಿ ಕೇರಳದ ಕೋಳಿಕೋಡಿನಲ್ಲಿ ದೇಶದ ಮೊದಲ ಮಹಿಳಾ ಪೊಲೀಸ್ ಠಾಣೆ ತೆರೆಯಿತು. ನಮ್ಮ ರಾಜ್ಯದಲ್ಲಿ ಮೈಸೂರಿನ ಕರ್ನಾಟಕ ಪೊಲೀಸ್ ಅಕಾಡೆಮಿ, ಚನ್ನಪಟ್ಟಣದ ಶಾಲೆ, ಕಲಬುರಗಿಯ ಹತ್ತಿರ ನಾಗನಹಳ್ಳಿಯ ತರಬೇತಿ ಕಾಲೇಜು ಇವುಗಳಲ್ಲಿ ಅಧಿಕಾರಿಗಳೂ ಪೇದೆಗಳೂ ತಯಾರಾಗುತ್ತಾರೆ.

ಹೊರದೇಶದ ಒಂದು ನಿದರ್ಶನ ಇಲ್ಲಿ ಉಪಯುಕ್ತ. ೧೯೮೨ರಲ್ಲಿ ಬ್ರಿಟನ್ನಿನ ದೂರದರ್ಶನದಲ್ಲಿ, ಥೇಮ್ಸ್ ವ್ಯಾಲಿ ಪೊಲೀಸರು ಅತ್ಯಾಚಾರದ ಫಿರ್ಯಾದಿಯೊಡನೆ ಬಂದ ಹೆಂಗಸನ್ನು ಪ್ರಶ್ನಿಸಿದ ರೀತಿಯನ್ನು ಜನರು ಕಣ್ಣಾರೆ ಕಂಡರು. ಅಧಿಕಾರಿಗಳು ಆಕೆಯನ್ನು ಗದರಿಸಿ ಸುಳ್ಳುಗಾರ್ತಿಯೆಂಬಂತೆ ನಡೆಸಿಕೊಂಡುದನ್ನು ನೋಡಿ ದೇಶವೇ ಕ್ಷೋಭೆಗೊಂಡಿತು. ಮೂರು ವರ್ಷಗಳಲ್ಲಿ, ಪೊಲೀಸ್ ಅಧಿಕಾರಿಯೇ ಆಗಿದ್ದ ಇಯಾನ್ ಬ್ಲೇರರು ಅತ್ಯಾಚಾರ ತನಿಖೆಯ ಹೊಸ ಮಾರ್ಗವನ್ನು ಕುರಿತು ಪುಸ್ತಕ ಬರೆದರು. ಕಾನೂನು ಬದಲಾಗದೆಯೂ ಶಿಕ್ಷಣ ಬದಲಾಗಬಲ್ಲುದು ಎಂಬುದಕ್ಕೆ ಇದು ಸಾಕ್ಷಿ. ನಮ್ಮಲ್ಲಾದರೋ ಕಾನೂನು ಹಲವು ಬಾರಿ ಬದಲಾಗಿಯೂ ಶಿಕ್ಷಣ ಹಿಂದುಳಿಯಿತು.

೨೦೧೨ರ ಡಿಸೆಂಬರಿನ ದೆಹಲಿಯ ಪ್ರಕರಣವೂ, ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿಯು ೨೦೧೩ರ ಜನವರಿ ೨೩ರಂದು ಕೊಟ್ಟ ವರದಿಯೂ ಈ ಸ್ಥಿತಿಯನ್ನು ಕದಲಿಸಿದುವು. ಫಿರ್ಯಾದಿಯನ್ನು ದಾಖಲಿಸದ ಅಧಿಕಾರಿಗೇ ೬ ತಿಂಗಳಿಗೆ ಕಡಮೆಯಿಲ್ಲದ, ೨ ವರ್ಷದವರೆಗಿನ ಕಠಿಣ ಶಿಕ್ಷೆ ಗೊತ್ತಾಯಿತು. ‘ಎರಡು ಬೆರಳಿನ ಪರೀಕ್ಷೆ’ ಎಂಬ ಅವಮಾನಕರ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯವು ೨೦೧೩ರಲ್ಲಿಯೂ ೨೦೨೨ರಲ್ಲಿಯೂ ಖಂಡಿಸಿತು. ಎರಡನೆಯ ಸಲ ವೈದ್ಯಶಿಕ್ಷಣದ ಪಠ್ಯಕ್ರಮವನ್ನೇ ಪರಿಶೀಲಿಸಬೇಕೆಂದಿತು. ನಿರ್ಭಯಾ ನಿಧಿಯಿಂದ ತನಿಖಾಧಿಕಾರಿ, ವೈದ್ಯ, ಸರ್ಕಾರಿ ಅಭಿಯೋಜಕರಿಗೆ ಸಾಕ್ಷ್ಯ ಸಂಗ್ರಹದ ತರಬೇತಿಯೂ, ರಾಜ್ಯಗಳಿಗೆ ಸಾಕ್ಷ್ಯ ಸಂಗ್ರಹದ ಪೆಟ್ಟಿಗೆಗಳೂ ದೊರೆತುವು. ೨೦೧೯ರಲ್ಲಿ ತನಿಖೆಯ ಅವಧಿಯನ್ನು ಗಮನಿಸುವ ಗಣಕವ್ಯವಸ್ಥೆ ಜಾರಿಗೆ ಬಂದಿತು. ೨೦೨೪ರ ಜುಲೈ ೧ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಗಳು ಹಳೆಯವುಗಳ ಸ್ಥಾನದಲ್ಲಿವೆ. ಅವುಗಳ ಪ್ರಕಾರ ವರ್ತಮಾನ ಬಂದ ೨೪ ಗಂಟೆಗಳೊಳಗೆ, ಆಕೆಯ ಸಮ್ಮತಿಯಿಂದ, ವೈದ್ಯಪರೀಕ್ಷೆ ಆಗಬೇಕು. ವೈದ್ಯರ ವರದಿ ೭ ದಿನಗಳೊಳಗೆ ತನಿಖಾಧಿಕಾರಿಗೆ ಮುಟ್ಟಬೇಕು. ಹೇಳಿಕೆಯನ್ನು ಆಕೆಯ ಮನೆಯಲ್ಲಿ ಅಥವಾ ಆಕೆ ಬಯಸಿದ ಸ್ಥಳದಲ್ಲಿ, ಆದಷ್ಟು ಮಟ್ಟಿಗೆ ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು. ೨ ತಿಂಗಳೊಳಗೆ ತನಿಖೆ ಮುಗಿಯಬೇಕು. ನೊಂದವಳು ಪರಿಶಿಷ್ಟ ಜಾತಿ ಅಥವಾ ಪಂಗಡದವಳಾಗಿ, ಆರೋಪಿಯು ಆ ವರ್ಗಕ್ಕೆ ಸೇರದವನಾಗಿ, ೧೯೮೯ರ ದೌರ್ಜನ್ಯ ತಡೆ ಕಾಯಿದೆ ಅನ್ವಯಿಸಿದಲ್ಲಿ ತನಿಖೆಯನ್ನು ಡಿ.ವೈ.ಎಸ್.ಪಿ. ದರ್ಜೆಗೆ ಕಡಮೆಯಿಲ್ಲದ ಅಧಿಕಾರಿಯೇ ಮಾಡಬೇಕು.

ಗಡಿಸೀಮೆಗೆ ಮತ್ತೊಂದು ನಿಯಮ ವಿಶೇಷ ಮಹತ್ವದ್ದು. ಅಪರಾಧ ಎಲ್ಲಿಯೇ ನಡೆದಿರಲಿ, ಯಾವ ಠಾಣೆಯಾದರೂ ಫಿರ್ಯಾದಿಯನ್ನು ಬರೆದುಕೊಳ್ಳಬೇಕು. ಔರಾದದಿಂದ ಕೂಲಿಗಾಗಿ ಉದಗೀರಿಗೋ ಹೈದರಾಬಾದಿಗೋ ಹೋದವಳಿಗೆ, ‘ಇದು ನಮ್ಮ ಹದ್ದಲ್ಲ’ ಎಂಬ ಉತ್ತರವೇ ನ್ಯಾಯದ ಕೊನೆಯಾಗುವ ಭಯವಿದ್ದಿತು. ೧೯೫೬ರಲ್ಲಿ ಎಳೆದ ಗೆರೆ ಹೆಣ್ಣಿನ ಫಿರ್ಯಾದಿಗೆ ಇನ್ನು ಅಡ್ಡಿಯಾಗಲಾರದು. ಆಗದಂತೆ ನೋಡಿಕೊಳ್ಳುವ ಅಧಿಕಾರಿ ಇರಬೇಕು, ಅಷ್ಟೆ.

೮

ಹಾಗಾದರೆ ತರಬೇತಿಯಲ್ಲಿ ಕಲಿಸಬೇಕಾದುದು ಏನು? ಚರಿತ್ರೆಯೇ ಅದನ್ನು ಸೂಚಿಸುತ್ತದೆ. ಹಿಂದಿನ ನಾಲ್ಕು ಶಂಕೆಗಳಿಗೆ ನಾಲ್ಕು ಉತ್ತರಗಳನ್ನು ಅಧಿಕಾರಿ ಅರಿಯಬೇಕು. ಗಾಯವಿಲ್ಲದಿದ್ದುದು ಸಮ್ಮತಿಗೆ ಸಾಕ್ಷಿಯಲ್ಲ. ದೈಹಿಕವಾಗಿ ಪ್ರತಿಭಟಿಸಲಿಲ್ಲವೆಂಬ ಮಾತ್ರಕ್ಕೆ ಸಮ್ಮತಿಸಿದಳೆಂದು ಭಾವಿಸಬಾರದೆಂದು ಕಾನೂನೇ ಹೇಳುತ್ತದೆ. ಕೂಗದಿದ್ದುದು ಭಯದ ಲಕ್ಷಣವಿರಬಹುದು. ತಡವಾಗಿ ಬಂದುದು ಮನೆಯ ಮರ್ಯಾದೆ, ಗಂಡಿನ ಕಡೆಯವರ ಬೆದರಿಕೆ, ಬಸ್ಸಿನ ಅಭಾವ ಇವುಗಳಲ್ಲಿ ಯಾವುದರಿಂದಲೂ ಆಗಿರಬಹುದು. ಕಾರಣವನ್ನು ಆಕೆಯ ಮಾತಿನಲ್ಲಿಯೇ ಬರೆದರೆ ತಡವು ದೋಷವಾಗುವುದಿಲ್ಲ. ಆಕೆಯ ಹಿಂದಿನ ನಡತೆಯು ಸಮ್ಮತಿಯ ಪ್ರಶ್ನೆಗೆ ಅಪ್ರಸ್ತುತ. ಇದಲ್ಲದೆ, ಘಾ‌ಸಿಗೊಂಡ ಮನಸ್ಸಿಗೆ ನೆನಪು ತುಣುಕುತುಣುಕಾಗಿ ಬರುವುದುಂಟು. ಮೊದಲಿನಿಂದ ಕೊನೆಯವರೆಗೆ ಕ್ರಮವಾಗಿ ಹೇಳೆಂದು ಗದರಿಸುವವನು ಸತ್ಯವನ್ನು ಪಡೆಯಲಾರನು. ಬಿಡುವು ಕೊಟ್ಟು, ನಡುವೆ ಬಾಯಿ ಹಾಕದೆ, ಆಕೆ ಆಡಿದ ಪದವನ್ನೇ ಬರೆಯುವುದು ಒಂದು ಕೌಶಲ; ಅದು ಅಭ್ಯಾಸದಿಂದ ಬರುವಂಥದು.

ವಸ್ತುಸಾಕ್ಷ್ಯದ ವಿಷಯದಲ್ಲಿಯೂ ಹೀಗೆಯೇ. ಒದ್ದೆಯಾದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಅದು ಕೊಳೆತು ಸಾಕ್ಷ್ಯ ಕೆಡುತ್ತದೆ. ನೆರಳಿನಲ್ಲಿ ಆರಿಸಿ ಕಾಗದದಲ್ಲಿ ಸುತ್ತಿ ಮೊಹರು ಹಾಕಬೇಕು. ೨೦೧೪ರ ಆರೋಗ್ಯ ಸಚಿವಾಲಯದ ಮಾರ್ಗಸೂಚಿಯ ಪ್ರಕಾರ ದೇಹದ ಮೇಲಿನ ಕುರುಹುಗಳನ್ನು ೯೬ ಗಂಟೆಗಳವರೆಗೆ ಸಂಗ್ರಹಿಸಬಹುದು. ಭಾತಂಬ್ರಾದಿಂದ ಭಾಲ್ಕಿಗೆ, ಭಾಲ್ಕಿಯಿಂದ ಸುಮಾರು ೪೦ ಕಿಲೋಮೀಟರ್ ದೂರದ ಬೀದರಿಗೆ, ಅಲ್ಲಿಂದ ಮುದ್ದೆಮಾಲು ಕಲಬುರಗಿಯ ಅಥವಾ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗುವ ಹಾದಿಯಲ್ಲಿ ಎಲ್ಲಿ ಒಬ್ಬನು ಮೊಹರನ್ನು ಮರೆತರೂ ಸರಪಳಿ ಕಡಿಯುತ್ತದೆ. ಈ ಹಾದಿಯಲ್ಲಿ ಮೊದಲಿಗೆ ನಿಂತಿರುವವನು ದೊಡ್ಡ ಅಧಿಕಾರಿಯಲ್ಲ. ರಾತ್ರಿಪಾಳಿಯ ಹೆಡ್ ಕಾನ್ಸ್‌ಟೇಬಲ್ಲನು. ಅಧಿಕಾರಿಗಳಿಗೆ ದೊರೆತ ವಿಶೇಷ ತರಬೇತಿ ಅವನವರೆಗೆ ಇಳಿಯದಿದ್ದರೆ ಸಂಹಿತೆಯ ೨೪ ಗಂಟೆಗಳ ನಿಯಮವು ಕಾಗದದ ಮೇಲೆಯೇ ಉಳಿಯುವುದು.

ಭಾಷೆಯ ಪ್ರಶ್ನೆಯೂ ತೀರಿಲ್ಲ. ಉರ್ದುವಿನ ಸ್ಥಾನದಲ್ಲಿ ಕನ್ನಡ ಬಂದುದು ನಮಗೆ ಸಂತೋಷದ ಸಂಗತಿ. ಆದರೆ ಲಂಬಾಣಿ ಮಾತ್ರ ಬಲ್ಲ ತಾಂಡೆಯ ಹೆಣ್ಣಿಗೂ ಮರಾಠಿ ಮಾತ್ರ ಬಲ್ಲ ಔರಾದದ ಮುದುಕಿಗೂ ದಫ್ತರದ ಕನ್ನಡವು ಒಮ್ಮೆ ನಮ್ಮ ಅಜ್ಜಿಯರಿಗೆ ಅಮೀನನ ಉರ್ದು ಇದ್ದಂತೆಯೇ ಇದ್ದೀತು. ೩೭೧-ಜೆ ವಿಧಿಯಿಂದ ಸ್ಥಳೀಯರಿಗೆ ಹುದ್ದೆಗಳಲ್ಲಿ ಮೀಸಲಾತಿ ದೊರೆತಿರುವುದರಿಂದ, ಈ ಸೀಮೆಯ ಮಾತುಗಳನ್ನು ಬಲ್ಲವರು ಠಾಣೆಗಳಿಗೆ ಬರುವ ಅವಕಾಶ ಹೆಚ್ಚಿದೆ. ಅದನ್ನು ಈ ದೃಷ್ಟಿಯಿಂದಲೂ ನೋಡಬೇಕಾಗಿದೆ.

೯

ಈ ಚರಿತ್ರೆಯನ್ನು ತರಗತಿಯಲ್ಲಿ ಸಂಕ್ಷೇಪವಾಗಿ ಹೇಳಿದಾಗ ಒಬ್ಬ ವಿದ್ಯಾರ್ಥಿನಿ, “ಸರ್, ಇದು ಇತಿಹಾಸದ ಪಾಠವೊ, ಪೊಲೀಸರ ಪಾಠವೊ?” ಎಂದು ಕೇಳಿದಳು. ಕೂಡಲೆ ಉತ್ತರ ತೋಚಲಿಲ್ಲ. ಆ ತರಗತಿಯಲ್ಲಿ ಕುಳಿತವರಲ್ಲಿ ಹಲವರು ಪದವಿ ಮುಗಿಸಿ ಪೇದೆಯ, ಸಬ್-ಇನ್ಸ್‌ಪೆಕ್ಟರರ ಪರೀಕ್ಷೆಗೆ ಕುಳಿತುಕೊಳ್ಳುವವರೆಂಬುದು ಆಮೇಲೆ ನೆನಪಾಯಿತು. ಆ ಪರೀಕ್ಷೆಗೆ ಅವರು ಓದುವ ಇತಿಹಾಸದಲ್ಲಿ ಬಹಮನಿ ಸುಲ್ತಾನರ ಕ್ರಮವಿದೆ, ವಿಮೋಚನೆಯ ತಾರೀಖಿದೆ. ೧೯೪೮ರಲ್ಲಿ ಯಾರೂ ಬರೆದುಕೊಳ್ಳದ ಮಾತುಗಳ ವಿಷಯವಾಗಲಿ, ರಾಯಚೂರಿನ ತೀರ್ಪಿನ ವಿಷಯವಾಗಲಿ ಇಲ್ಲ.

ತರಬೇತಿ ಶಾಲೆಯು ಒಂದು ವರ್ಷದಲ್ಲಿ ಕಲಿಸುವುದಕ್ಕೆ ಮುಂಚೆ ಮೂರು ವರ್ಷ ಅವರು ನಮ್ಮ ಬಳಿ ಇರುತ್ತಾರೆ. ಹೆಣ್ಣಿನ ಮಾತನ್ನು ನಂಬದಿರುವುದು ನಮ್ಮಲ್ಲಿ ಹೇಗೆ ಹುಟ್ಟಿ, ಯಾವ ಕಾನೂನಿನಿಂದ ಬಲಗೊಂಡು, ಎಷ್ಟು ವರ್ಷ ಉಳಿದುಬಂದಿತೆಂಬುದನ್ನು ತಿಳಿದವನು, ಮುಂದೊಂದು ರಾತ್ರಿ ಠಾಣೆಯ ಮೆಟ್ಟಿಲೇರಿ ಬಂದವಳನ್ನು ಕಂಡಾಗ ಮೊದಲ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಕೇಳಿಯಾನು. ಆದಕಾರಣ ಆ ವಿದ್ಯಾರ್ಥಿನಿಗೆ ಮರುದಿನ, ಇದು ಇತಿಹಾಸದ ಪಾಠವೇ ಎಂದು ಹೇಳಿ, ಬಿಟ್ಟಲ್ಲಿಂದ ಪಾಠವನ್ನು ಮುಂದುವರಿಸಿದೆ.